ಮುಷ್ಟಿಮಲ್ಲ ಈವೋನ್ ಡ್ಯುರೆಲ್

ಮುಷ್ಟಿಯುದ್ಧದ ಚರಿತ್ರೆಯನ್ನು ಬರೆಯುವವರು ೧೯೫೮ನೆಯ ಇಸವಿ ಡಿಸೆಂಬರ್ ೧೦ರ ರಾತ್ರಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆ ರಾತ್ರಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಫೋರಮ್ ಎಂಬ ಕ್ರೀಡಾಮಂದಿರದಲ್ಲಿ, ಈವೋನ್ ಡ್ಯುರೆಲ್ ಎಂಬ ಇಪ್ಪತ್ತೊಂಬತ್ತು ವರ್ಷದ ಮೀನುಗಾರನು, ಜಗತ್ತಿನ ಲೈಟ್ ಹೆವಿವೇಟ್ ಪ್ರಶಸ್ತಿಯನ್ನು ಧರಿಸಿದ್ದ ಅಮೆರಿಕದ ಆರ್ಚಿ ಮೂರ್‌ನನ್ನು ಮೊದಲ ಸುತ್ತೊಂದರಲ್ಲಿಯೇ ಮೂರು ಸಲ ನೆಲಕ್ಕೆ ಕೆಡವಿದನು. ಆದರೂ ಕೊನೆಗೆ ಗೆದ್ದವನು ಆರ್ಚಿ. ಸೋತವನ ಹೆಸರು ಗೆದ್ದವನ ಹೆಸರಿನೊಡನೆ ಇಷ್ಟು ಬಿಗಿಯಾಗಿ ಉಳಿದುಕೊಂಡಿರುವ ಕಾಳಗಗಳು ಹೆಚ್ಚಿಲ್ಲ.

ಮೂರು ಸಲ ಬಿದ್ದವನು ಗೆಲ್ಲುವುದೆಂತು ಎಂದು ವಾಚಕರು ಕೇಳಬಹುದು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಅಲ್ಲಿಗೆ ಆಟ ಮುಗಿಯಿತು. ಮುಷ್ಟಿಯುದ್ಧದ ಕ್ರಮ ಹಾಗಲ್ಲ. ಬಿದ್ದವನ ಮುಂದೆ ರೆಫರಿಯು ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ. ಹತ್ತು ಎನ್ನುವುದರೊಳಗೆ ಎದ್ದು ನಿಂತರೆ ಕಾಳಗ ಮುಂದುವರಿಯುತ್ತದೆ. ಒಂದು ಸುತ್ತು ಎಂದರೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿಶ್ರಾಂತಿ. ಆ ಕಾಲದಲ್ಲಿ ಜಾಗತಿಕ ಪ್ರಶಸ್ತಿಯ ಕಾಳಗಕ್ಕೆ ಹದಿನೈದು ಸುತ್ತುಗಳು, ಈಗ ಹನ್ನೆರಡು. ಒಂದೇ ಸುತ್ತಿನಲ್ಲಿ ಮೂರು ಸಲ ಬಿದ್ದವನು ಸೋತಂತೆಯೇ ಎಂಬ ನಿಯಮವೂ ಕೆಲವು ಕಡೆ ಉಂಟು. ಆ ರಾತ್ರಿ ಮಾಂಟ್ರಿಯಲ್‌ನಲ್ಲಿ ಆ ನಿಯಮ ಜಾರಿಯಲ್ಲಿರಲಿಲ್ಲ. ಇದ್ದಿದ್ದರೆ ಮೂರೇ ನಿಮಿಷದೊಳಗೆ ಪ್ರಶಸ್ತಿಯು ಮೀನುಗಾರನ ಪಾಲಾಗುತ್ತಿತ್ತು!

ಡ್ಯುರೆಲ್ ಹುಟ್ಟಿದ್ದು ೧೯೨೯ರ ಅಕ್ಟೋಬರ್‌ನಲ್ಲಿ, ಕೆನಡಾದ ಪೂರ್ವ ತೀರದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಬೇ ಸಾಂತ್ ಆನ್ ಎಂಬ ಹಳ್ಳಿಯಲ್ಲಿ. ಮಿರಮಿಶಿ ಕೊಲ್ಲಿಯ ದಂಡೆಯ ಊರು ಅದು. ಅಲ್ಲಿಯವರು ಅಕೇಡಿಯನ್ನರೆಂಬ ಫ್ರೆಂಚ್ ಮಾತಿನ ಜನ. ೧೭೫೫ರಿಂದ ಮೊದಲಾಗಿ ಇಂಗ್ಲಿಷರು ಇವರ ಪೂರ್ವಿಕರನ್ನು ಹೊಲಮನೆಗಳಿಂದ ಎಬ್ಬಿಸಿ ಹಡಗಿಗೆ ತುಂಬಿ ದೇಶಾಂತರಕ್ಕೆ ಅಟ್ಟಿದರು. ತಪ್ಪಿಸಿಕೊಂಡವರೂ ಹಿಂತಿರುಗಿ ಬಂದವರೂ ಹೀಗೆ ಕಡಲಂಚಿನಲ್ಲಿ ನೆಲೆ ಹುಡುಕಿಕೊಂಡರು. ಒಳ್ಳೆಯ ಭೂಮಿ ಕೈತಪ್ಪಿ ಹೋಗಿತ್ತು, ಉಳಿದದ್ದು ನೀರು. ಸಾಲ್ಮನ್ ಮೀನು, ಲಾಬ್‌ಸ್ಟರ್, ಇವುಗಳಿಂದಲೇ ಹೊಟ್ಟೆ ತುಂಬಬೇಕು. ಡ್ಯುರೆಲನು ದೊಡ್ಡ ಸಂಸಾರದ ಮಗ; ಓದನ್ನು ಬೇಗ ಬಿಟ್ಟು ದೋಣಿ ಹತ್ತಿದನು. ಆತನ ತೋಳಿನ ಬಲ ಗರಡಿಯಲ್ಲಿ ಬೆಳೆದುದಲ್ಲ, ನೆನೆದು ಭಾರವಾದ ಬಲೆಯನ್ನು ನೀರಿನಿಂದೆಳೆದು ಬೆಳೆದುದು.

೧೯೪೦ರ ದಶಕದ ಕೊನೆಯಲ್ಲಿ ಆತನು ಹಣಕ್ಕಾಗಿ ಕಾದಾಡತೊಡಗಿದನು. ಸುತ್ತಲಿನ ಊರುಗಳಲ್ಲಿ ಯಾರು ಕರೆದರೂ ಹೋದನು. ೧೯೫೩ರಲ್ಲಿ ಕೆನಡಾದ ಪ್ರಶಸ್ತಿಯನ್ನೂ, ೧೯೫೭ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಲೈಟ್ ಹೆವಿವೇಟ್ ಪ್ರಶಸ್ತಿಯನ್ನೂ ಗೆದ್ದನು. ಲೈಟ್ ಹೆವಿವೇಟ್ ಎಂದರೆ ೧೭೫ ಪೌಂಡಿಗೆ ಮೀರದ ತೂಕದವರ ವರ್ಗ. ನಡುವೆ ೧೯೫೪ ಮತ್ತು ೧೯೫೫ರಲ್ಲಿ, ಮುಂದೆ ಹೆವಿವೇಟ್ ಜಗಜ್ಜಟ್ಟಿಯಾದ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಎದುರಿಸಿ ಎರಡು ಸಲವೂ ಸೋತನು. ಇಷ್ಟೆಲ್ಲ ಆದರೂ ಆತನು ದೋಣಿಯನ್ನು ಬಿಡಲಿಲ್ಲ. ಪತ್ರಿಕೆಗಳು ಆತನಿಗೆ ‘ಕಾದಾಡುವ ಮೀನುಗಾರ’ ಎಂದು ಹೆಸರಿಟ್ಟವು. ವ್ಯಾಕರಣದ ದೃಷ್ಟಿಯಿಂದ ನೋಡಿದರೂ ಈ ಬಿರುದು ಸರಿಯಾಗಿದೆ: ಮೀನುಗಾರ ಎಂಬುದು ನಾಮಪದ, ಕಾದಾಟ ಬರಿಯ ವಿಶೇಷಣ.

ಡ್ಯುರೆಲನನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಧೈರ್ಯಕ್ಕೆ ಎಣೆಯಿಲ್ಲ ಎಂಬುದು ಒಂದು. ಸಾಧನೆ ಸಾಲದು, ಕ್ರಮವಾದ ತರಬೇತಿಯಿದ್ದಿದ್ದರೆ ಇನ್ನೂ ಮೇಲೇರುತ್ತಿದ್ದ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದು ಸುಳ್ಳಲ್ಲದಿದ್ದರೂ ಅದನ್ನು ಹೇಳುವ ಧಾಟಿ ನನಗೆ ಒಗ್ಗುವುದಿಲ್ಲ. ತರಬೇತಿ ಎಂದರೆ ತಿಂಗಳುಗಟ್ಟಲೆ ಬೇರೆ ಕೆಲಸವಿಲ್ಲದೆ ಓಡುವುದು, ಉಣ್ಣುವುದು, ಮಲಗುವುದು, ಗುರುವಿನ ಕಣ್ಣೆದುರು ಅಭ್ಯಾಸ ಮಾಡುವುದು. ಆ ತಿಂಗಳುಗಳಲ್ಲಿ ಮನೆಯ ಒಲೆಯನ್ನು ಯಾರು ಉರಿಸಬೇಕು? ಮೀನಿನ ಕಾಲ ಮುಷ್ಟಿಮಲ್ಲನಿಗಾಗಿ ಕಾಯುವುದಿಲ್ಲ. ಸುಗ್ಗಿ ಬಂದಾಗ ಪುಸ್ತಕ ಮಡಿಸಿಟ್ಟು ಕಣಕ್ಕೆ ಹೋಗುವ ಹುಡುಗರು ನಮ್ಮ ತರಗತಿಯಲ್ಲಿಯೂ ಇದ್ದಾರೆ. ನಾನೂ ಅವರಲ್ಲೊಬ್ಬ. ಆದುದರಿಂದ ಅಭ್ಯಾಸ ಸಾಲದು ಎಂಬ ಮಾತಿನ ಹಿಂದೆ ಎಷ್ಟು ಲೆಕ್ಕಾಚಾರವಿರುತ್ತದೆ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎದುರಾಳಿಯ ವಿಷಯ. ಆರ್ಚಿ ಮೂರ್‌ನೂ ಸುಖದ ಸುಪ್ಪತ್ತಿಗೆಯಿಂದ ಬಂದವನಲ್ಲ. ಆತನು ಕರಿಯರ ಕುಲದವನು. ಹುಡುಗನಾಗಿದ್ದಾಗ ಸುಧಾರಣಾಲಯದಲ್ಲಿ ಕೆಲಕಾಲ ಕಳೆದವನು. ೧೯೩೦ರ ದಶಕದ ನಡುವಿನಿಂದ ಕಾದಾಡುತ್ತಿದ್ದರೂ, ಒಳ್ಳೊಳ್ಳೆಯವರನ್ನು ಸೋಲಿಸಿದರೂ, ಪ್ರಶಸ್ತಿಗಾಗಿ ಕಾದುವ ಅವಕಾಶ ಸಿಕ್ಕಿದ್ದು ೧೯೫೨ರ ಡಿಸೆಂಬರ್‌ನಲ್ಲಿ. ಹದಿನೈದು ವರ್ಷಕ್ಕೂ ಮೀರಿದ ಆ ಕಾಯುವಿಕೆಯಲ್ಲಿ ಬಣ್ಣದ ಪಾಲು ಎಷ್ಟೆಂಬುದನ್ನು ಊಹಿಸಬಹುದು. ತಾನು ಹುಟ್ಟಿದ್ದು ೧೯೧೬ರಲ್ಲಿ ಎಂದು ಆತ, ೧೯೧೩ರಲ್ಲಿ ಎಂದು ಆತನ ತಾಯಿ! ಯಾವ ಲೆಕ್ಕ ಹಿಡಿದರೂ ಮಾಂಟ್ರಿಯಲ್‌ಗೆ ಬರುವ ಹೊತ್ತಿಗೆ ನಲವತ್ತು ದಾಟಿತ್ತು. ಸಿಕ್ಕಿದ್ದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವವನಲ್ಲ.

ಗಂಟೆ ಹೊಡೆದು ಒಂದು ನಿಮಿಷವಾಗುವಷ್ಟರಲ್ಲಿ ಡ್ಯುರೆಲನ ಬಲಗೈ ಆರ್ಚಿಯ ದವಡೆಗೆ ಬಡಿಯಿತು. ಆರ್ಚಿ ಅಂಗಾತ ಬಿದ್ದನು. ರೆಫರಿಯಾಗಿದ್ದ ಜ್ಯಾಕ್ ಷಾರ್ಕಿ (ಈತನೂ ಹಿಂದೆ ಹೆವಿವೇಟ್ ಜಗಜ್ಜಟ್ಟಿಯಾಗಿದ್ದವನೇ) ಎಣಿಸತೊಡಗಿದನು. ಹತ್ತು ಮುಟ್ಟುವ ಮುನ್ನ ಹೇಗೋ ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ, ಮೂರನೆಯ ಸಲವೂ ಬಿದ್ದು ಎದ್ದ. ಐದನೆಯ ಸುತ್ತಿನಲ್ಲಿ ಡ್ಯುರೆಲ್ ಆತನನ್ನು ಇನ್ನೊಮ್ಮೆ ಕೆಡವಿದ. ಆಮೇಲೆ ಆಟದ ಮುಖ ತಿರುಗಿತು. ಡ್ಯುರೆಲನದು ಬೀಸುವ ಪೆಟ್ಟು, ಬಲವೆಲ್ಲ ಅದರಲ್ಲಿ ಖರ್ಚಾಗುವಂಥದು. ಆರ್ಚಿಯದು ಅಳೆದು ಕೊಡುವ ಪೆಟ್ಟು; ತಲೆ ತಗ್ಗಿಸಿ, ತೋಳುಗಳನ್ನು ಅಡ್ಡ ಹಿಡಿದು, ಬಂದ ಹೊಡೆತವನ್ನು ಜಾರಿಸಿ ಬಿಡುವ ವಿದ್ಯೆ ಆತನಿಗೆ ಕರಗತವಾಗಿತ್ತು. ಏಳನೆಯ ಸುತ್ತಿನಲ್ಲಿ ಮೀನುಗಾರನು ಮೊದಲ ಸಲ ಕೆಳಗೆ ಬಿದ್ದನು. ಹತ್ತನೆಯದರಲ್ಲಿ ಮತ್ತೆ. ಹನ್ನೊಂದನೆಯ ಸುತ್ತಿನಲ್ಲಿ ರೆಫರಿಯ ಎಣಿಕೆ ಪೂರ್ಣವಾಯಿತು. ಟೆಲಿವಿಷನ್ನಿನ ಮೂಲಕ ಅದನ್ನು ಕಂಡ ಅಮೆರಿಕದ ಜನರಿಗೆ ಮುದಿ ಜಟ್ಟಿಯ ಮೇಲೆ ಎಷ್ಟು ಅಕ್ಕರೆ ಹುಟ್ಟಿತೋ, ಹೆಸರೇ ಕೇಳಿರದ ಹಳ್ಳಿಯ ಮೀನುಗಾರನ ಮೇಲೂ ಅಷ್ಟೇ ಹುಟ್ಟಿತು.

ಮರುಕಾಳಗ ಗೊತ್ತಾಯಿತು. ಆದರೆ ಅದಕ್ಕೆ ಮೊದಲು, ೧೯೫೯ರ ಜೂನ್ ೧೯ರ ರಾತ್ರಿ, ಬೇ ಸಾಂತ್ ಆನ್ ಮತ್ತು ಎಸ್ಕುಮಿನಾಕ್ ಕಡೆಯ ದೋಣಿಗಳು ಸಾಲ್ಮನ್ ಮೀನಿಗೆ ಬಲೆ ಬೀಸಿಕೊಂಡು ಸಮುದ್ರದಲ್ಲಿದ್ದಾಗ ಬಿರುಗಾಳಿಯೆದ್ದಿತು. ಚಿಕ್ಕ ದೋಣಿಗಳು, ಎಚ್ಚರಿಕೆಯ ಸುದ್ದಿ ತಿಳಿಯಲು ಹೆಚ್ಚಿನವುಗಳಲ್ಲಿ ರೇಡಿಯೋ ಇರಲಿಲ್ಲ. ಬೆಳಗಾಗುವುದರೊಳಗೆ ೨೨ ದೋಣಿಗಳು ಹಾಳಾಗಿ ೩೫ ಮಂದಿ ನೀರುಪಾಲಾದರು. ನೂರು ಮನೆಯವರೂ ಒಬ್ಬರನ್ನೊಬ್ಬರು ಬಲ್ಲ ಊರುಗಳವು. ಸತ್ತವರಲ್ಲಿ ಡ್ಯುರೆಲನ ಗೆಳೆಯರೂ ಬಂಧುಗಳೂ ಇದ್ದರು. ಆ ತೀರದಲ್ಲಿ ಮುಂದೆ ನಿಂತ ಸ್ಮಾರಕದ ಶಿಲ್ಪವನ್ನು ಕ್ಲೋದ್ ರುಸೆಲ್ ಎಂಬ ಅಕೇಡಿಯನ್ ಶಿಲ್ಪಿಯೇ ಮಾಡಿದನು.

ಇದಾಗಿ ಎಂಟು ವಾರವೂ ತುಂಬಿರಲಿಲ್ಲ. ಆಗಸ್ಟ್ ೧೨ರಂದು ಡ್ಯುರೆಲ್ ಮತ್ತೆ ಮಾಂಟ್ರಿಯಲ್‌ನಲ್ಲಿ ಆರ್ಚಿಯ ಎದುರು ನಿಂತನು. ಮೂರನೆಯ ಸುತ್ತಿನಲ್ಲಿಯೇ ಮುಗಿದುಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಟೊರಾಂಟೋದಲ್ಲಿ, ಮುಂದೆ ಮಹಮ್ಮದ್ ಅಲಿಯ ಎದುರು ಹದಿನೈದು ಸುತ್ತೂ ನಿಂತು ಕೀರ್ತಿ ಪಡೆದ ತರುಣ ಜಾರ್ಜ್ ಷುವಾಲೋ ಆತನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದನು. ಕ್ರೀಡಾವರದಿಗಾರರು ಆತನ ಕಾಲ ಮುಗಿಯಿತೆಂದು ಬರೆದರು. ಆ ಜೂನ್ ರಾತ್ರಿಯನ್ನು ಬಿಟ್ಟು ಆ ಎರಡು ಸೋಲುಗಳನ್ನು ತೂಗುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಆಮೇಲೆ ಡ್ಯುರೆಲನು ಕೆಲಕಾಲ ಪ್ರದರ್ಶನದ ಕುಸ್ತಿಗೂ ಇಳಿದನು. ತನ್ನೂರಿನಲ್ಲಿ ಒಂದು ಪಾನಗೃಹವನ್ನು ನಡೆಸಿದನು. ೧೯೭೭ರಲ್ಲಿ ಅಲ್ಲಿ ನಡೆದ ಜಗಳದಲ್ಲಿ ಒಬ್ಬ ಮನುಷ್ಯನು ಈತನ ಗುಂಡಿಗೆ ಸತ್ತನು. ಕೊಲೆಯ ಮೊಕದ್ದಮೆಯಾಯಿತು. ಆತ್ಮರಕ್ಷಣೆಗಾಗಿ ಹೊಡೆದನೆಂಬ ವಾದವನ್ನು ನ್ಯಾಯಾಲಯವು ಎತ್ತಿಹಿಡಿದು ಬಿಡುಗಡೆ ಮಾಡಿತು. ಆ ವಾದವನ್ನು ಮಂಡಿಸಿದ ಎಳೆಯ ವಕೀಲ ಫ್ರ್ಯಾಂಕ್ ಮೆಕೆನ್ನಾ ಹತ್ತು ವರ್ಷಗಳ ತರುವಾಯ, ೧೯೮೭ರಲ್ಲಿ, ವಿಧಾನಸಭೆಯ ೫೮ ಸ್ಥಾನಗಳನ್ನೂ ಗೆದ್ದ ಪಕ್ಷದ ನಾಯಕನಾಗಿ ಆ ಪ್ರಾಂತದ ಮುಖ್ಯಮಂತ್ರಿಯಾದನು. ಆರ್ಚಿ ಮೂರ್ ಬಡ ಹುಡುಗರಿಗೆ ವಿದ್ಯೆ ಕಲಿಸುತ್ತ ಬಾಳಿ ೧೯೯೮ರಲ್ಲಿ ಕಾಲವಾದನು. ಡ್ಯುರೆಲನ ಜೀವನಚರಿತ್ರೆಯನ್ನು ಅದೇ ಸೀಮೆಯವನಾದ ರೇಮಂಡ್ ಫ್ರೇಸರ್ ೧೯೮೧ರಲ್ಲಿ ಪ್ರಕಟಿಸಿದನು. ೨೦೦೭ರ ಜನವರಿಯಲ್ಲಿ, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಡ್ಯುರೆಲ್ ನ್ಯೂ ಬ್ರನ್ಸ್‌ವಿಕ್‌ನಲ್ಲಿಯೇ ತೀರಿಕೊಂಡನು.