ಕಾರವಾರದ ಕಡಲಿನಲ್ಲಿ ಡಾಲ್ಫಿನ್ ದರ್ಶನ

ಯಡಿಯೂರು ಕೆರೆಯ ಆಸುಪಾಸಿನಲ್ಲಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಸಮುದ್ರವೆಂದರೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲೊಂದು. ತಿಮಿಂಗಿಲವೆಂದರೆ ‘ತಿಮಿ’ಯನ್ನು ನುಂಗುವ ಮಹಾಮತ್ಸ್ಯ. ಆದರೆ ತಿಮಿಂಗಿಲವಾಗಲಿ, ಅದರ ಬಂಧುವಾದ ಡಾಲ್ಫಿನ್ ಆಗಲಿ ಮತ್ಸ್ಯವಲ್ಲ. ಮರಿಗೆ ಹಾಲೂಡಿಸುವ, ಉಸಿರಿಗಾಗಿ ನೀರಿನ ಮೇಲಕ್ಕೆ ಬರಲೇಬೇಕಾದ ಜೀವಿಗಳು.

ಇವನ್ನು ಕಣ್ಣಾರೆ ಕಾಣಬಯಸುವವರು ಮಳೆಗಾಲ ಕಳೆದಮೇಲೆ ಕಾರವಾರಕ್ಕೆ ಹೋಗಬೇಕು. ಕಾಳಿ ನದಿಯ ಅಳಿವೆಯಾಚೆ, ದೇವಬಾಗದ ಎದುರಿನಲ್ಲಿ, ಬೆನ್ನಮೇಲೆ ಡುಬ್ಬವುಳ್ಳ ಡಾಲ್ಫಿನ್‌ಗಳು ದೋಣಿಯಲ್ಲಿ ಹೋದವರಿಗೆ ಗೋಚರಿಸುವುದುಂಟು. ಆಳಕಡಲಿಗೆ ಹೋಗದೆ ದಡದ ಸಮೀಪದಲ್ಲಿಯೇ ಬಾಳುವುದು ಈ ಜಾತಿಯ ಸ್ವಭಾವ. ನಮಗೆ ಅದರ ದರ್ಶನಭಾಗ್ಯ ಲಭಿಸುವುದು ಇದರಿಂದಲೇ. ಬಲೆಗೂ ದೋಣಿಗೂ ಅದು ಸಿಕ್ಕಿಬೀಳುವುದೂ ಇದರಿಂದಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿ ಅದಕ್ಕೆ ರಕ್ಷೆಯಿತ್ತಿದೆ. ಆದರೂ ಪ್ರವಾಸಿಗರ ಆತುರಕ್ಕೆ ಮಣಿದು ದೋಣಿಯನ್ನು ಹಿಂಡಿನ ನಡುವೆ ನುಗ್ಗಿಸುವವರಿದ್ದಾರೆ. (ಚಪ್ಪಾಳೆ ತಟ್ಟಿ ಕರೆಯುವ ನಮ್ಮವರ ಉತ್ಸಾಹ ಬೇರೆ!) ಶಬ್ದದಿಂದಲೇ ದಾರಿಯನ್ನೂ ಆಹಾರವನ್ನೂ ಅರಸುವ ಪ್ರಾಣಿಗೆ ಯಂತ್ರದ ಮೊರೆತ ಕಣ್ಣಿಗೆ ಕವಿದ ಹೊಗೆಯಂತೆ, ತಾಯಿಯೊಂದು ಕಡೆ, ಮರಿಯೊಂದು ಕಡೆಯಾಗಬಹುದು.

ಅನುಭವಿಯಾದ ಅಂಬಿಗನು ದೂರದಲ್ಲಿಯೇ ಯಂತ್ರವನ್ನು ನಿಲ್ಲಿಸಿ ಕಾಯುತ್ತಾನೆ. ಆಗ ಬೂದುಬಣ್ಣದ ಬೆನ್ನೊಂದು ಮೆಲ್ಲನೆ ಮೇಲೇಳುತ್ತದೆ. ನೆತ್ತಿಯ ರಂಧ್ರದಿಂದ ಹೊಮ್ಮುವ ಉಸಿರಿನ ಫೂತ್ಕಾರವೂ ಸ್ಪಷ್ಟವಾಗಿ ಕೇಳಿಸುತ್ತದೆ.