ಪದವಿಯಲ್ಲಿ ಮನಃಶಾಸ್ತ್ರ: ಮೈನರ್ ಓದಿನ ಸತ್ವ ಮತ್ತು ಮಿತಿ

ಪದವಿ ತರಗತಿಯಲ್ಲಿ ಆಳವಾಗಿ ಓದುವ ಮುಖ್ಯ ವಿಷಯವನ್ನು ಮೇಜರ್ ಎಂದೂ, ಅದರೊಡನೆ ಕಡಿಮೆ ಪ್ರಮಾಣದಲ್ಲಿ ಆದರೆ ಕ್ರಮಬದ್ಧವಾಗಿ ಓದುವ ಇನ್ನೊಂದು ವಿಷಯವನ್ನು ಮೈನರ್ ಎಂದೂ ಕರೆಯಲಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ ಕನಿಷ್ಠ 60 ಮೇಜರ್‌ಗೂ 24 ಮೈನರ್‌ಗೂ ಸೇರಬೇಕು. ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆಗಳ ಪಾಠ ಅಥವಾ 30 ಗಂಟೆಗಳ ಪ್ರಾಯೋಗಿಕ ಕೆಲಸ. ಕರ್ನಾಟಕದ ಬಿ.ಎ. ತರಗತಿಗಳಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಸಮಾನವಾಗಿ ಓದುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯನ್ನು 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಲಾಗಿರುವುದರಿಂದ, ಮನಃಶಾಸ್ತ್ರಕ್ಕೆ ಎಷ್ಟು ಪತ್ರಿಕೆಗಳು, ಎಷ್ಟು ಪ್ರಾಯೋಗಿಕ ತರಗತಿಗಳು ದಕ್ಕುತ್ತವೆ ಎಂಬುದನ್ನು ಆಯಾ ಕಾಲೇಜಿನಲ್ಲೇ ವಿಚಾರಿಸಿ ತಿಳಿಯಬೇಕು.

ಈ ವಿಚಾರಣೆ ಅಗತ್ಯ, ಏಕೆಂದರೆ ಮನಃಶಾಸ್ತ್ರವು ಹುಟ್ಟಿದ್ದೇ ಪ್ರಯೋಗಾಲಯದಲ್ಲಿ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸ್ಥಾಪಿಸಿದ ಪ್ರಯೋಗಾಲಯವನ್ನು ಈ ಶಾಸ್ತ್ರದ ಆರಂಭವೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಭಾಗ 1916ರಲ್ಲಿ ಆರಂಭವಾದರೆ, ಮೈಸೂರಿನಲ್ಲಿ 1924ರಲ್ಲಿ, ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದು ಬಂದ ಎಂ.ವಿ. ಗೋಪಾಲಸ್ವಾಮಿಯವರು ವಿಭಾಗವನ್ನು ಕಟ್ಟಿದರು.

ಪ್ರಾಯೋಗಿಕ ತರಗತಿಯಲ್ಲಿ ನಡೆಯುವುದೇನೆಂಬುದನ್ನು ಮ್ಯೂಲರ್-ಲೈಯರ್ ಭ್ರಮೆಯ ಪ್ರಯೋಗದಿಂದ ತಿಳಿಯಬಹುದು. ಒಂದು ಹಲಗೆಯ ಮೇಲೆ ಎರಡು ಗೆರೆಗಳಿರುತ್ತವೆ. ಎರಡೂ ತುದಿಗಳಲ್ಲಿ ಬಾಣದ ಮೊನೆಯಿರುವ ಗೆರೆ ಗಿಡ್ಡವಾಗಿಯೂ, ತುದಿಗಳು ಕವಲೊಡೆದು ಹೊರಕ್ಕೆ ಚಾಚಿರುವ ಗೆರೆ ಉದ್ದವಾಗಿಯೂ ಕಾಣುತ್ತದೆ. ಪ್ರಯೋಗಕ್ಕೆ ಕುಳಿತವರು ಜಾರುವ ಭಾಗವನ್ನು ಸರಿಸುತ್ತ, ಎರಡೂ ಸಮವೆಂದು ಕಂಡ ಕೂಡಲೇ ನಿಲ್ಲಿಸಬೇಕು. ಹಲಗೆಯ ಹಿಂಬದಿಯ ಅಳತೆಪಟ್ಟಿಯಲ್ಲಿ ತಪ್ಪಿನ ಪ್ರಮಾಣವನ್ನು ಮಿಲಿಮೀಟರ್‌ಗಳಲ್ಲಿ ಓದಿ ಬರೆದುಕೊಳ್ಳಲಾಗುತ್ತದೆ. ಸರಿಸುವ ದಿಕ್ಕೇ ತೀರ್ಪನ್ನು ಬದಲಿಸಬಹುದಾದ್ದರಿಂದ ಕೆಲವು ಸಲ ಗಿಡ್ಡ ಅಳತೆಯಿಂದ, ಕೆಲವು ಸಲ ಉದ್ದ ಅಳತೆಯಿಂದ ಆರಂಭಿಸಿ ಸರಾಸರಿ ತೆಗೆಯಬೇಕಾಗುತ್ತದೆ. ಗೆರೆಗಳ ಗುಟ್ಟು ಮೊದಲೇ ಗೊತ್ತಿದ್ದರೂ ಕಣ್ಣು ಮತ್ತೆ ಮತ್ತೆ ಮೋಸಹೋಗುತ್ತದೆ ಎಂಬುದು ಇಲ್ಲಿ ಅಂಕಿಗಳ ರೂಪದಲ್ಲಿ ಕಣ್ಣೆದುರಿಗೆ ನಿಲ್ಲುತ್ತದೆ. ತನ್ನ ಅನುಭವವೇ ಪ್ರಮಾಣವೆಂಬ ನಂಬಿಕೆಯನ್ನು ಹೀಗೆ ಅಳೆದು ಪರೀಕ್ಷಿಸುವ ಅಭ್ಯಾಸವೇ ಈ ಓದಿನ ನಿಜವಾದ ಗಳಿಕೆ. ಪ್ರಯೋಗವನ್ನೂ ಸಂಖ್ಯಾಶಾಸ್ತ್ರವನ್ನೂ ಬಿಟ್ಟು ಫ್ರಾಯ್ಡ್, ಕನಸು, ವ್ಯಕ್ತಿತ್ವಗಳ ಪಾಠಗಳಿಗಷ್ಟೇ ಸೀಮಿತವಾದ ಮೈನರ್ ಅನ್ನು ಅರ್ಧ ಓದು ಎಂದೇ ಹೇಳಬೇಕು.

ಮೇಜರ್ ವಿಷಯದೊಡನೆ ಈ ಅಭ್ಯಾಸ ಕೂಡಿದಾಗ ಅದರ ಬೆಲೆ ತಿಳಿಯುತ್ತದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರು ಅಪಘಾತದ ಚಲನಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳಿಗೆ ವಾಹನಗಳ ವೇಗವೆಷ್ಟಿತ್ತೆಂದು ಕೇಳಲಾಯಿತು. ಪ್ರಶ್ನೆಯಲ್ಲಿ ಕಾರುಗಳು 'ಅಪ್ಪಳಿಸಿದವು' ಎಂಬರ್ಥದ ಮಾತಿದ್ದಾಗ ಉತ್ತರದ ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚಾಗಿದ್ದರೆ, 'ತಗುಲಿದವು' ಎಂಬರ್ಥದ ಮಾತಿದ್ದಾಗ 31.8ಕ್ಕೆ ಇಳಿದಿತ್ತು. ಸಾಕ್ಷಿಯನ್ನು ಪ್ರಶ್ನಿಸುವ ವಕೀಲರಿಗೂ, ಪ್ರತ್ಯಕ್ಷದರ್ಶಿಯನ್ನು ಮಾತಾಡಿಸುವ ಪತ್ರಕರ್ತರಿಗೂ ಇದು ನೇರವಾಗಿ ಸಂಬಂಧಿಸಿದ ತಿಳಿವಳಿಕೆ. ವಾಣಿಜ್ಯ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ, ಮನಃಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಅವರ ಕೆಲಸವೇ ಸಾಕಷ್ಟು ದಾರಿ ತೋರುತ್ತದೆ.

ಆದರೆ ಪಠ್ಯದ ಮಾತುಗಳೆಲ್ಲವನ್ನೂ ಎಲ್ಲ ಜನರಿಗೂ ಸಲ್ಲುವ ನಿಯಮಗಳೆಂದು ಭಾವಿಸುವಂತಿಲ್ಲ. ಪ್ರಸಿದ್ಧ ಅಧ್ಯಯನಗಳಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಂಥವು. ಅಲ್ಲದೆ 2015ರಲ್ಲಿ ಪ್ರಕಟವಾದ ವರದಿಯಂತೆ, ಮನಃಶಾಸ್ತ್ರದ 100 ಅಧ್ಯಯನಗಳನ್ನು ಮರುಪ್ರಯೋಗಕ್ಕೆ ಒಡ್ಡಿದಾಗ ಸಂಖ್ಯಾಶಾಸ್ತ್ರೀಯವಾಗಿ ಗಣನೀಯವೆನ್ನಬಹುದಾದ ಫಲಿತಾಂಶ ಮತ್ತೆ ದೊರೆತದ್ದು ಶೇ. 36ರಷ್ಟರಲ್ಲಿ ಮಾತ್ರ. ತನ್ನ ಕೊರತೆಯನ್ನು ತಾನೇ ಎಣಿಸಿ ಪ್ರಕಟಿಸಿದ್ದು ಈ ಶಾಸ್ತ್ರದ ಹಿರಿಮೆಯೆಂದೇ ತಿಳಿಯಬೇಕು.

ಉದ್ಯೋಗದ ವಿಚಾರದಲ್ಲಿ ಸ್ಪಷ್ಟತೆ ಇರಬೇಕು. ಮನಃಶಾಸ್ತ್ರವನ್ನು ಮೈನರ್ ಆಗಿ ಓದಿದ ಮಾತ್ರಕ್ಕೆ, ಅಷ್ಟೇಕೆ, ಮೇಜರ್ ಆಗಿ ಓದಿದರೂ, ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ಅರ್ಹತೆ ಬರುವುದಿಲ್ಲ. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿತರಬೇತಿಯನ್ನು ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಸ್ನಾತಕೋತ್ತರ ಓದನ್ನು ಬಯಸುವವರಿಗೂ ನಿಯಮ ಎಲ್ಲೆಡೆ ಒಂದೇ ಅಲ್ಲ: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಮನಃಶಾಸ್ತ್ರಕ್ಕೆ ಈ ಹಿಂದೆ ಯಾವುದೇ ವಿಷಯದ ಪದವೀಧರರು ಸೇರಬಹುದಾಗಿದ್ದರೆ, ಪದವಿಯಲ್ಲಿ ಮನಃಶಾಸ್ತ್ರವನ್ನು ಇಂತಿಷ್ಟು ಓದಿರಲೇಬೇಕೆಂದು ವಿಧಿಸುವ ವಿಶ್ವವಿದ್ಯಾಲಯಗಳೂ ಇವೆ. ಆದ್ದರಿಂದ ಮೈನರ್ ಆಯ್ಕೆ ಮಾಡಿಕೊಳ್ಳುವ ಮೊದಲೇ, ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆಯನ್ನು ಓದಿಕೊಳ್ಳುವುದು ಕ್ಷೇಮ.