ಇಳಿಯದ ಮುದ್ದೆ, ಗಂಟಲಿನ ಸ್ನಾಯು, ಲೇಸರ್: ತಪ್ಪು ಕಲ್ಪನೆ ಮತ್ತು ಸತ್ಯ

ಗಂಟಲು ಮುಗಿದು ಅನ್ನನಾಳ ಶುರುವಾಗುವ ಕಡೆ, ಧ್ವನಿಪೆಟ್ಟಿಗೆಯ ಹಿಂದೆ, ಪಟ್ಟಿಯಂತೆ ಬಳಸಿಕೊಂಡ ಒಂದು ಸ್ನಾಯುವಿದೆ. ವೈದ್ಯರು ಅದನ್ನು ಕ್ರೈಕೋಫ್ಯಾರಿಂಜಿಯಸ್ ಎನ್ನುತ್ತಾರೆ. ಸದಾ ಬಿಗಿದಿರುವ ಅದು ತುತ್ತು ಬಂದಾಗ ಮಾತ್ರ ಅರೆಕ್ಷಣ ಸಡಿಲವಾಗಿ ದಾರಿ ಬಿಡುತ್ತದೆ. ಸಡಿಲವಾಗದಿದ್ದರೆ ಊಟ ಕುತ್ತಿಗೆಯ ಮಟ್ಟದಲ್ಲೇ ನಿಲ್ಲುತ್ತದೆ. ಆಗ ಆ ಸ್ನಾಯುವನ್ನು ಲೇಸರಿನಿಂದ ಕೊಯ್ದು ದಾರಿ ಬಿಡಿಸುವುದುಂಟು. ಮಾಸ್ತಿ, ಮಾಲೂರು, ಮುಳಬಾಗಿಲು ಕಡೆ ಈ ತೊಂದರೆ ಬೇಗ ಗೊತ್ತಾಗಬೇಕು, ಏಕೆಂದರೆ ಇಲ್ಲಿನವರು ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ.

ಆದರೂ ತಡವಾಗುತ್ತದೆ. ವಯಸ್ಸಾದ ಮೇಲೆ ಮುದ್ದೆ ಇಳಿಯುವುದಿಲ್ಲ ಎಂಬ ನಂಬಿಕೆಯೇ ಅದಕ್ಕೆ ಕಾರಣ. ವಯಸ್ಸು ನುಂಗುವುದನ್ನು ತುಸು ನಿಧಾನ ಮಾಡೀತು, ತಡೆಯುವುದಿಲ್ಲ. ಸ್ನಾಯು ಸಡಿಲವಾಗದವರ ತುತ್ತು ಚಿಕ್ಕದಾಗುತ್ತದೆ, ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆ, ಕೊನೆಗೆ ಮುದ್ದೆ ಬಿಟ್ಟು ಗಂಜಿಗೆ ಇಳಿಯುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಲ್ಲಿ ಇದೇ ಲಕ್ಷಣ ಕ್ಯಾನ್ಸರಿನದೂ ಆಗಿರಬಹುದು. ರಕ್ತಹೀನತೆಯಿರುವ ಹೆಂಗಸರಲ್ಲಿ ಅನ್ನನಾಳದ ಬಾಯಲ್ಲಿ ತೆಳು ಪೊರೆ ಬೆಳೆದಿರಬಹುದು. ಆದ್ದರಿಂದ ತೊಂದರೆ ಕೆಲವು ವಾರ ನಿಂತರೆ ಕೋಲಾರದ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ಕಡೆ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು. ಊಟ ಸಲೀಸಾಗಿ ಇಳಿಯುತ್ತಾ, ಗಂಟಲಲ್ಲಿ ಉಂಡೆ ಇದ್ದಂತೆ ಅನ್ನಿಸುವುದು ಮಾತ್ರವಾದರೆ ಅದು ಬೇರೆ ವಿಷಯ. ಅದಕ್ಕೆ ಲೇಸರ್ ಮದ್ದಲ್ಲ.

ಲೇಸರ್ ಎಂದರೆ ಎಕ್ಸ್‌ರೇ ತರಹದ ವಿಕಿರಣ ಎಂದು ಹೆದರುವವರೂ ಇದ್ದಾರೆ. ಇಲ್ಲಿ ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು. ಅದರ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಅಂಗಾಂಶದಲ್ಲಿರುವ ನೀರು ಹೀರಿ ಆವಿಯಾಗುತ್ತದೆ, ಆ ಜಾಗ ಕತ್ತರಿಸಿಕೊಳ್ಳುತ್ತದೆ.

ಇನ್ನು ಕೆಲವರಿಗೆ ಇದು ಆಪರೇಷನ್ನೇ ಅಲ್ಲ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ನಿಜ. ಆದರೆ ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಲೋಹದ ಕೊಳವೆ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸ್ನಾಯುವಿನ ಎಳೆಗಳನ್ನು ಕೊಯ್ಯುತ್ತಾರೆ. ಕೊಯ್ತ ಆಳವಾಗಿ ಸ್ನಾಯುವಿನ ಹಿಂದಿನ ಪದರ ದಾಟಿದರೆ ಎಂಜಲು ಸೋರಿ ಎದೆಯೊಳಗೆ ಸೋಂಕು ಹರಡಬಹುದು. ಅಪರೂಪವಾದರೂ ಪ್ರಾಣಕ್ಕೆ ಕುತ್ತು. ಹಾಗಾಗಿಯೇ ಜ್ವರ, ಎದೆನೋವು, ಕುತ್ತಿಗೆಯ ಊತವನ್ನು ಆಸ್ಪತ್ರೆಯಲ್ಲಿ ಕಾದು ನೋಡುತ್ತಾರೆ. ಗುಟ್ಕಾ ತಿಂದು ಬಾಯಿ ಬಿಗಿದವರಿಗೆ ಕೊಳವೆ ಇಳಿಸುವುದೇ ಆಗದಿರಬಹುದು. ಅಂಥವರಿಗೆ ಕುತ್ತಿಗೆಯ ಹೊರಗಿನಿಂದ ಮಾಡುವ ಹಳೆಯ ಶಸ್ತ್ರಚಿಕಿತ್ಸೆ ಉಂಟು. ಕ್ಯಾಪ್ಲನ್ ಎಂಬ ವೈದ್ಯ 1951ರಲ್ಲಿ ಪೋಲಿಯೊ ರೋಗಿಗೆ ಮಾಡಿದ್ದನ್ನು ವರದಿ ಮಾಡಿದ್ದರು.

ಲೇಸರ್ ಮಾಡಿಸಿದರೆ ನುಂಗುವ ಎಲ್ಲ ತೊಂದರೆಯೂ ಹೋಗುತ್ತದೆ ಎಂಬುದು ದೊಡ್ಡ ತಪ್ಪು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ವಿಡಿಯೊದಲ್ಲಿ ಆ ಸ್ನಾಯುವೇ ಅಡ್ಡವಾಗಿರುವುದು ಕಾಣಬೇಕು. ಸ್ನಾಯುವಿನ ಮೇಲೆ ಚೀಲ ಮೂಡಿ, ತಿಂದದ್ದು ಎಷ್ಟೋ ಹೊತ್ತಿನ ಮೇಲೆ ಹಾಗೆಯೇ ಬಾಯಿಗೆ ಬರುವವರಿಗೆ ಒಳ್ಳೆಯ ಫಲ ಸಿಗುತ್ತದೆ. ಪಾರ್ಶ್ವವಾಯುವಿನಿಂದ ಗಂಟಲಿನ ತಳ್ಳುವ ಬಲವೇ ಹೋಗಿದ್ದರೆ ಸ್ನಾಯು ಕೊಯ್ದು ಹೆಚ್ಚು ಪ್ರಯೋಜನವಿಲ್ಲ. ಅವರಿಗೆ ನುಂಗುವ ತರಬೇತಿ ಬೇಕು. ವಾಕ್ ಚಿಕಿತ್ಸಕರು ಅದನ್ನು ಕಲಿಸುತ್ತಾರೆ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಂಥವರನ್ನು ತಯಾರು ಮಾಡುತ್ತದೆ.

ಚಿಕಿತ್ಸೆಯ ಮರುದಿನವೇ ಮುದ್ದೆ ಉಣ್ಣುವಂತಿಲ್ಲ. ಮೊದಲು ನೀರು, ಎಳನೀರು, ಆಮೇಲೆ ಗಂಜಿ, ಮೆತ್ತನೆಯ ಅನ್ನ. ಮುದ್ದೆಗೆ ವೈದ್ಯರು ಹೇಳುವವರೆಗೆ ಕಾಯಬೇಕು.